ಭರಮಣ್ಣನ ಬಾಯಿ ಅಳಿಸಿದ ಅಮಾವಾಸ್ಯೆ

ಭರಮಣ್ಣನ ಬಸ್ಸಿನಲ್ಲಿ ಒಮ್ಮೆ ಕೂತವರು ಎರಡನೇ ಸಲ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದರು. ಬುರುಡೆ ಬಿಡುತ್ತಿದ್ದೇನೆ ಅಂದುಕೊಳ್ಳಬೇಡಿ, ಗಣಿತದ ಮೇಷ್ಟ್ರೊಬ್ಬರು ನಿಜಕ್ಕೂ ಇಟ್ಟುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಸಂಡೂರಿನಿಂದ ದೋಣಿಮಲೈ ಗಣಿಗೆ ಸಿಬ್ಬಂದಿಯನ್ನು ಸಾಗಿಸುವ ಬಸ್ಸು ಅವನದು. ಘಟ್ಟ ಶುರುವಾಗಿ ಗೇರು ಬಿದ್ದಿತೆಂದರೆ ಇವನ ಬಾಯಿ ತೆರೆಯಿತೆಂದೇ ಲೆಕ್ಕ. ಯಾರ ಎಮ್ಮೆ ಈದಿದೆ, ಯಾವ ಕ್ವಾರ್ಟರ್ಸಿನ ನಲ್ಲಿ ಸೋರುತ್ತಿದೆ, ಯಾರ ಅತ್ತೆ ಯಾರ ಮೇಲೆ ಮುನಿಸಿಕೊಂಡು ತೋರಣಗಲ್ಲಿಗೆ ಹೋಗಿ ಕೂತಿದ್ದಾಳೆ, ಎಲ್ಲವೂ ಮೇಲೆ ಮುಟ್ಟುವಷ್ಟರಲ್ಲಿ ನಮಗೆ ಬಾಯಿಪಾಠ.

ನಾನು ಕೊಟ್ರಯ್ಯ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ನನ್ನದು. ಸಿಟ್ಟಿನ ಮನುಷ್ಯ ಅಂತ ಊರೆಲ್ಲ ಹೆಸರಾಗಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆಲಸದ ಮೇಲೆ ದೋಣಿಮಲೈಯ ಟೌನ್‌ಶಿಪ್ಪಿಗೆ ಹೋಗುವಾಗ ಮೊದಲ ದಿನವೇ ಭರಮಣ್ಣನ ಮೇಲೆ ಹರಿಹಾಯ್ದಿದ್ದೆ, ಬಾಯಿ ಮುಚ್ಚಿಕೊಂಡು ರಸ್ತೆ ನೋಡಿ ಓಡಿಸಯ್ಯಾ ಎಂದು. ಅವನು ಹಿಂದೆ ತಿರುಗದೆಯೇ, "ರಸ್ತಿ ನೋಡಾಕ ಕಣ್ಣದಾವು, ಬಾಯಿ ಸುಮ್ನ ಕುಂತೈತಲ್ರಿ" ಅಂದ. ಬಸ್ಸೆಲ್ಲ ನಕ್ಕಿತು. ಅಲ್ಲಿಂದ ನಮ್ಮ ಗೆಳೆತನ.

ಅಂಥವನಿಗೆ ಲಕ್ವ ಹೊಡೆಯಿತು. ದೇವರಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಕೈಕಾಲು ಹೋದವು, ಕುತ್ತಿಗೆ ವಾಲಿತು, ಮಾತು ಪೂರ್ತಿ ನಿಂತಿತು. ಬಲಗೈಯ ತೋರುಬೆರಳೊಂದು ಮಾತ್ರ ಅಲುಗಾಡುತ್ತಿತ್ತು. ಕಿವಿ ಕೇಳುತ್ತದೆ, ತಿಳಿವಳಿಕೆ ಇದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದರು. ರೆಪ್ಪೆಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಮುಚ್ಚುತ್ತಿದ್ದವು, ಆದ್ದರಿಂದ ಕಣ್ಸನ್ನೆಯಿಂದ ಏನೂ ತಿಳಿಯುವಂತಿರಲಿಲ್ಲ. ಸಂಡೂರಿನ ಮನೆಯಲ್ಲಿ ಅವನನ್ನು ನೋಡಲು ಹೋದವರೆಲ್ಲ ಅವನ ಮುಂದೆಯೇ ಅವನ ಬಗ್ಗೆ ಗೋಡೆಯ ಬಗ್ಗೆ ಮಾತಾಡಿದಂತೆ ಮಾತಾಡಿ ಎದ್ದು ಬರುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಅಂಗಡಿಯಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ಹೊತ್ತುಕೊಂಡು ಹೋದೆ. ಒಂದು ಮೌಸ್ ಬಿಚ್ಚಿ, ಅದರ ಎಡಗುಂಡಿಯ ತಂತಿಯನ್ನು ಅಂಗೈಯಗಲದ ಕೆಂಪು ಗುಂಡಿಗೆ ಬೆಸುಗೆ ಹಾಕಿ ಭರಮಣ್ಣನ ಬೆರಳಿನ ಕೆಳಗಿಟ್ಟೆ. ಆದರೆ ವಿಂಡೋಸ್ ಕಂಪ್ಯೂಟರ್ ಹಚ್ಚಿದರೆ ಬರುವುದು ಗೊತ್ತಲ್ಲ: ಕೆಳಗೊಂದು ಪಟ್ಟಿ, ಮೂಲೆಯಲ್ಲಿ ಸ್ಟಾರ್ಟ್ ಗುಂಡಿ, ಚಿಕ್ಕ ಚಿಕ್ಕ ಚಿತ್ರಗಳು, ನಡುನಡುವೆ ಅಪ್‌ಡೇಟ್ ಮಾಡಲೇ ಎಂಬ ಕಿರಿಕಿರಿ. ಅದರಲ್ಲಿ ಒಂದೇ ಬೆರಳಿನವನು ಏನು ಮಾಡಿಯಾನು? ಆ ಮುಖಕ್ಕೆ ನಮ್ಮ ಕಸುಬಿನಲ್ಲಿ ಶೆಲ್ ಅನ್ನುತ್ತಾರೆ. ಒಳಗಿನ ಯಂತ್ರ ಅದೇ ಇರುತ್ತದೆ, ಮುಖ ಮಾತ್ರ ಬೇರೆಯದನ್ನು ಕೂರಿಸಬಹುದು. ಹಚ್ಚಿದ ಕೂಡಲೇ ಯಾವ ಮುಖ ತೋರಿಸಬೇಕು ಎಂದು ಹೇಳುವ ಒಂದು ಸಾಲು ವಿಂಡೋಸಿನ ಹೊಟ್ಟೆಯೊಳಗಿರುತ್ತದೆ. ಆ ಸಾಲಿನಲ್ಲಿದ್ದ ಹೆಸರು ಅಳಿಸಿ ಬೇರೊಂದು ಶೆಲ್ಲಿನ ಹೆಸರನ್ನು ನಾನೇ ಕೈಯಾರೆ ಬರೆದೆ.

ಅಲ್ಲಿಂದ ಆ ಕಂಪ್ಯೂಟರ್ ಹಚ್ಚಿದರೆ ದೊಡ್ಡ ದೊಡ್ಡ ಬಿಲ್ಲೆಗಳು ಮಾತ್ರ. ನೀರು, ನೋವು, ಹೊರಳಿಸು, ಬಚ್ಚಲು, ಫ್ಯಾನು, ಟೀವಿ, ಸಾಕು, ಬ್ಯಾಡ. ಹಳದಿ ಚೌಕವೊಂದು ಒಂದೊಂದೇ ಬಿಲ್ಲೆಯ ಮೇಲೆ ನಿಂತು ಮುಂದೆ ಹೋಗುತ್ತದೆ. ಬೇಕಾದದ್ದರ ಮೇಲೆ ಬಂದಾಗ ಗುಂಡಿ ಒತ್ತಿದರೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಏನೇನು ಬಿಲ್ಲೆ ಬೇಕೆಂದು ಮನೆಯವರೆಲ್ಲ ಕೂತು ಹೇಳಿದರು, ಅಕ್ಷರ ಕೂಡಿಸಿ ಬರೆಯುವಷ್ಟು ತ್ರಾಣ ಅವನಲ್ಲಿ ಎಲ್ಲಿದೆ ಅಂದರು. ದನಿ ಕೊಟ್ಟವನು ಭರಮಣ್ಣನ ಹೆಂಡತಿ ವಿರುಪಮ್ಮನ ತಮ್ಮ ಮಾಲತೇಶ. ಅದಿರು ಲಾರಿ ಇಟ್ಟವನು, ಕಂಚಿನ ಕಂಠ. ಭರಮಣ್ಣ ಗುಂಡಿ ಒತ್ತಿದರೆ ಭಾವಮೈದುನನ ದನಿಯಲ್ಲಿ "ನೀರು" ಎಂದು ಕೇಳುತ್ತಿತ್ತು. ವಿರುಪಮ್ಮ ಮೊದಲ ಸಲ ಕೇಳಿ ಅತ್ತುಬಿಟ್ಟಳು, ನಾನೂ ಮುಖ ತಿರುಗಿಸಿಕೊಂಡೆ.

ಈ ಮಾಲತೇಶ ಕೆಟ್ಟವನಲ್ಲ. ಭಾವ ಬಿದ್ದ ದಿನದಿಂದ ಆ ಮನೆಗೆ ಹೆಗಲು ಕೊಟ್ಟವನೇ ಅವನು. ಆದರೆ ಎಲ್ಲದಕ್ಕೂ ತಾನೇ ಮುಂದೆ ಬೀಳುವ ಚಾಳಿ. ಭರಮಣ್ಣನ ಮಗಳು ಭಾಗ್ಯ ತೋರಣಗಲ್ಲಿನ ಕಾರ್ಖಾನೆಯಲ್ಲಿ ಲ್ಯಾಬಿನ ಕೆಲಸಕ್ಕಿದ್ದಾಳೆ, ಶಿಫ್ಟಿನ ಬಸ್ಸಿಗೆ ಹೋಗಿ ಬರುತ್ತಾಳೆ. ಅವಳಿಗೆ ಕಂಪ್ಲಿಯಿಂದ ಒಂದು ಸಂಬಂಧ ತಂದವನೂ ಇವನೇ. ಗದ್ದೆ ಇರುವ ಮನೆ, ಹುಡುಗ ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದಾನೆ, ಆದರೆ ಸೊಸೆ ಕೆಲಸ ಬಿಡಬೇಕು. ಹುಡುಗಿ ಒಲ್ಲೆ ಎಂದು ಅಮ್ಮನ ಮುಂದೆ ಬಾಯಿ ಬಿಡಲಿಲ್ಲ. ಅಪ್ಪನಿಗೆ ಗಂಜಿ ಕುಡಿಸುತ್ತ ಅವನ ಕಿವಿಯಲ್ಲಿ ಹೇಳಿಕೊಂಡು ಅತ್ತಿದ್ದಳಂತೆ. ಅಂದಿನಿಂದ ಮನೆಯಲ್ಲಿ ಕಂಪ್ಲಿ ಎಂಬ ಮಾತು ಬಂದಾಗಲೆಲ್ಲ ಭರಮಣ್ಣ ಗುಂಡಿ ಒತ್ತುತ್ತಿದ್ದ. "ಬ್ಯಾಡ" ಎನ್ನುತ್ತಿತ್ತು ಮಾಲತೇಶನ ದನಿ. ಗಂಜಿ ಬ್ಯಾಡವೇನೋ ಎಂದು ವಿರುಪಮ್ಮ ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು.

ಆ ಕಡೆ ಒಂದು ಕಟ್ಟುಪಾಡಿದೆ. ಹಿರಿಯರೆಲ್ಲ ಕೂತು ಎಷ್ಟೇ ಮಾತಾಡಲಿ, ಹೆಣ್ಣಿನ ತಂದೆ ತನ್ನ ಬಾಯಿಂದ ಒಪ್ಪಿದೆ ಎಂದ ಮೇಲೆಯೇ ಎಲೆಅಡಿಕೆ ಕೈ ಬದಲಾಗಬೇಕು. ಬದಲಾಯಿತೋ, ಮುಗಿಯಿತು. ಆಮೇಲೆ ಹಿಂದೆ ಸರಿದವರನ್ನು ಜನ ಹತ್ತು ಊರಲ್ಲಿ ಆಡಿಕೊಳ್ಳುತ್ತಾರೆ. ಬಿದಿಗೆಯ ದಿನ ಕಂಪ್ಲಿಯವರು ಬರುವುದೆಂದು ಗೊತ್ತಾಯಿತು.

ಅದಕ್ಕೆ ಮುಂಚೆ ಅಮಾವಾಸ್ಯೆ ಬಂತು. ಲಾರಿಯವರಿಗೆ ಅಮಾವಾಸ್ಯೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗಾಡಿ ತೊಳೆದು, ಕ್ಯಾಬಿನ್ನಿನ ಕಸ ಕಡ್ಡಿ ತೆಗೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಪೂಜೆ. ಕೊಳೆ ಇರುವ ಯಂತ್ರಕ್ಕೆ ಪೂಜೆ ಮಾಡಿದರೆ ಸಲ್ಲುವುದಿಲ್ಲ ಎನ್ನುತ್ತಾರೆ. ಮಾಲತೇಶ ತನ್ನ ಮೊಬೈಲನ್ನೂ ಪ್ರತಿ ಅಮಾವಾಸ್ಯೆ ಹೀಗೆ ತೊಳೆಯುವವನು, ಹಳೆಯ ಫೋಟೋ, ಬೇಡದ ಆ್ಯಪು ಎಲ್ಲ ಅಳಿಸಿ ಪರದೆಗೆ ವಿಭೂತಿ ಹಚ್ಚುತ್ತಾನೆ. ಈ ಸಲ ಶುಭಕಾರ್ಯ ಬೇರೆ ಇತ್ತಲ್ಲ, ಭಾವನ ಕಂಪ್ಯೂಟರಿಗೂ ಕೈ ಹಾಕಿದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ಹಾಗಾಯಿತು. ನನಗೆ ಅದು ಗೊತ್ತಾದದ್ದು ಬಿದಿಗೆಯ ದಿನ ಭಾಗ್ಯ ಫೋನ್ ಮಾಡಿದ ಮೇಲೆ.

"ಕಾಕಾ, ಕಂಪ್ಯೂಟರ್ ಕರ್ರಗಾಗೇತಿ. ಅಪ್ಪ ಏನೋ ಹೇಳ್ಬೇಕಂತ ಗುಂಡಿ ಒತ್ತೇ ಒತ್ತಾಕತ್ತಾರ, ಏನೂ ಬರವಲ್ದು. ಕಂಪ್ಲಿ ಮಂದಿ ಬರೂ ಹೊತ್ತಾತು."

ಕರೆಂಟಿನ ಡಬ್ಬಿ ಸುಟ್ಟಿರಬೇಕು, ಇಲ್ಲವೇ ಮಾನಿಟರ್ ಕೈ ಕೊಟ್ಟಿರಬೇಕು ಅಂದುಕೊಂಡೆ. ಅವೆರಡಕ್ಕೂ ಬದಲಿಯನ್ನು ಚೀಲಕ್ಕೆ ತುರುಕಿ, ಗಿರಾಕಿಯನ್ನು ಅಂಗಡಿಯಿಂದ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡೆ. ಸಂಡೂರು ರಸ್ತೆಯಲ್ಲಿ ಅವತ್ತೇ ಲಾರಿಗಳ ಸಾಲು. ಕೆಂಪು ಧೂಳು ಕುಡಿಯುತ್ತ, ಒಬ್ಬೊಬ್ಬ ಡ್ರೈವರನ ವಂಶವನ್ನೇ ಬೈಯುತ್ತ ಬೈಕ್ ನುಗ್ಗಿಸಿದೆ. ಎಲೆಅಡಿಕೆ ಕೈ ಬದಲಾಗುವ ಮೊದಲು ಮುಟ್ಟುತ್ತೇನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ.

ಮುಟ್ಟಿದಾಗ ಮನೆ ಮುಂದೆ ಕಾರು ನಿಂತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಕಂಪ್ಲಿಯವರು ಕೂತಿದ್ದರು, ನಡುವೆ ಹುಡುಗನ ಅಜ್ಜಿ ಜಂಬವ್ವ. ಮುಂದೆ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ, ಹೂವು. ಬಾಗಿಲಿನ ಪಕ್ಕದ ಮಂಚದಲ್ಲಿ ದಿಂಬಿಗೊರಗಿಸಿ ಭರಮಣ್ಣನನ್ನು ಕೂರಿಸಿದ್ದರು. ಬಿಳಿ ಅಂಗಿ ತೊಡಿಸಿ ತಲೆ ಬಾಚಿದ್ದರು. ಅವನ ಬೆರಳು ಕೆಂಪು ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಲೇ ಇತ್ತು. ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಕಂಪ್ಯೂಟರಿನ ಮೇಲೆ ಮೂರೆಳೆ ವಿಭೂತಿ, ಬಾಡಿದ ಸೇವಂತಿಗೆ. ಪರದೆ ಕಪ್ಪಗಿತ್ತು, ಆದರೆ ಸತ್ತಿರಲಿಲ್ಲ. ನಡುವೆ ಮೌಸಿನ ಬಿಳಿ ಬಾಣವೊಂದೇ ನಿಂತಿತ್ತು. ಕರೆಂಟು ಸರಿಯಿದೆ, ಮಾನಿಟರ್ ಸರಿಯಿದೆ, ಯಂತ್ರ ಪೂರ್ತಿ ಎಚ್ಚರವಾಗಿದೆ. ತೋರಿಸಲು ಮುಖ ಮಾತ್ರ ಇಲ್ಲ. ಮಾಲತೇಶನ ತೋಳು ಹಿಡಿದು ಅಡುಗೆಮನೆಯ ಬಾಗಿಲಿಗೆ ಎಳೆದು, ಇದಕ್ಕೆ ಏನು ಮಾಡಿದೆಯೋ ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

"ಕಸ ತಗದೆ ಅಣ್ಣ. ಅಮಾಸಿ ಪೂಜಿಗೆ ಗಾಡಿ ತೊಳದಂಗ. ಹೆಸ್ರು ಗೊತ್ತಿಲ್ದ ಪ್ರೋಗ್ರಾಂ ಎಲ್ಲಾ ತಗದು ಹಾಕಿದೆ."

ಹಾಡು ತುಂಬಿಸಲೆಂದು ಅವನಿಗೆ ನಾನು ತೋರಿಸಿಕೊಟ್ಟಿದ್ದ ಫೈಲುಗಳ ಕಿಟಕಿಯಿಂದಲೇ ದಾರಿ ಹುಡುಕಿಕೊಂಡು, ಒಂದು ಕೀಬೋರ್ಡ್ ಸಿಕ್ಕಿಸಿ, ಪ್ರೋಗ್ರಾಂಗಳ ಪಟ್ಟಿಗೆ ಹೋಗಿದ್ದಾನೆ. ಆ ಶೆಲ್ ತೆಗೆದ ಕೂಡಲೇ ಪರದೆ ಕಪ್ಪಾಗಿದೆ. ಕೆಲಸ ಮುಗಿಯಿತೆಂದು ಸ್ವಿಚ್ ಆರಿಸಿ ಕಾಯಿ ಒಡೆದಿದ್ದಾನೆ. ಪಾಡ್ಯದ ದಿನ ಯಂತ್ರ ಮುಟ್ಟಬಾರದೆಂದು ಹಚ್ಚಲು ಬಿಟ್ಟಿಲ್ಲ. ಶೆಲ್ ತೆಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಆ ಸಾಲಿನಲ್ಲಿ ಹಳೆಯ ಹೆಸರನ್ನು ವಾಪಸು ಬರೆಯಬೇಕು, ಆಮೇಲೆ ಹೊಸದನ್ನು ತೆಗೆಯಬೇಕು. ಇವನು ಮಾಡಿದ್ದರಿಂದ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಇಲ್ಲದವನ ಹೆಸರು ಕರೆದು ಸುಮ್ಮನೆ ನಿಲ್ಲುತ್ತಿತ್ತು. ಬಿಲ್ಲೆಗಳು, ದನಿ, ಎಲ್ಲ ಹೋಗಿದ್ದವು. ಅವುಗಳ ನಕಲು ಹೊಸಪೇಟೆಯ ಅಂಗಡಿಯಲ್ಲಿ ಪೆನ್‌ಡ್ರೈವಿನಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಇವರ ಊಟವೂ ಮುಗಿದಿರುತ್ತಿತ್ತು.

ಬೇಕೆಂದೇ ಮಾಡಿದನೇ ಎಂದು ಅವನ ಕಣ್ಣನ್ನೇ ದಿಟ್ಟಿಸಿದೆ. ಕುರಿ ಕಳೆದುಕೊಂಡವನ ಹಾಗೆ ನಿಂತಿದ್ದ. ನನ್ನ ಪಿತ್ತ ನೆತ್ತಿಗೇರಿತ್ತು, ಆದರೂ ಕೈ ಎತ್ತಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಜಂಬವ್ವ, ಹೆಣ್ಣಿನ ತಂದೆಯ ಒಪ್ಪಿಗೆ ಏನೆಂದು ಕೇಳಿದಳು. ಮಾಲತೇಶ ನನ್ನ ಕೈ ಬಿಡಿಸಿಕೊಂಡು ಹೋಗಿ ಮಂಚದ ಪಕ್ಕ ನಿಂತು, ಭಾವ, ಕಂಪ್ಲಿಗೆ ಕೊಡೋಣ ಹೌದಲ್ಲ ಎಂದು ಭರಮಣ್ಣನ ಮುಖಕ್ಕೆ ಬಾಗಿ ಕೇಳಿದ. ಭರಮಣ್ಣನ ರೆಪ್ಪೆಗಳು ಎಂದಿನಂತೆ ಮುಚ್ಚಿಕೊಂಡವು.

"ನೋಡ್ರಿ, ಕಣ್ಣು ಮುಚ್ಚಿ ಹ್ಞೂಂ ಅಂದ್ರು" ಎಂದ ಮಾಲತೇಶ.

ಚಾಪೆಯ ಮೇಲಿದ್ದವರು ತಲೆಯಾಡಿಸಿದರು. ಯಾರೋ ತಟ್ಟೆಗೆ ಕೈ ಹಾಕಿದರು. ಬೆರಳು ಮಾತ್ರ ಟಕ್ ಟಕ್ ಟಕ್ ಎನ್ನುತ್ತಲೇ ಇತ್ತು, ಮೊದಲಿಗಿಂತ ಜೋರಾಗಿ. ಒಳಬಾಗಿಲಲ್ಲಿ ಭಾಗ್ಯ ಅಪ್ಪನ ಬೆರಳನ್ನೇ ನೋಡುತ್ತ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ತಟ್ಟೆಯ ಮುಂದೆ ಹೋಗಿ ನಿಂತುಬಿಟ್ಟೆ.

"ತಡೀರಿ. ರೆಪ್ಪಿ ಬಿದ್ದದ್ದು ಒಪ್ಪಿಗಿ ಅಲ್ಲ. ಆತ ಹೇಳ್ತಾನ, ಆತನ್ನ ಹೇಳಾಕ ಬಿಡ್ರಿ."

ನೀವು ಯಾರು ಎಂಬಂತೆ ನೋಡಿದರು. ಜಂಬವ್ವ ಮಾತ್ರ ಕೈ ಎತ್ತಿ ತನ್ನವರನ್ನು ಸುಮ್ಮನಾಗಿಸಿದಳು. ನಾನು ಕೀಬೋರ್ಡ್ ಎಳೆದುಕೊಂಡು ಕೂತೆ. ಮೂರು ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ಕರೆದೆ. ಮುಖ ಇಲ್ಲದ ವಿಂಡೋಸಿನಲ್ಲಿಯೂ ಅದೊಂದು ಬರುತ್ತದೆ. ಅಲ್ಲಿ ಹೊಸ ಕೆಲಸದ ಜಾಗದಲ್ಲಿ ವಿಂಡೋಸಿನ ಸ್ವಂತ ಮುಖದ ಹೆಸರು, ಎಕ್ಸ್‌ಪ್ಲೋರರ್ ಎಂದು ಬರೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಪಟ್ಟಿ ಮೂಡಿತು, ಸ್ಟಾರ್ಟ್ ಗುಂಡಿ ಬಂತು, ವಿಂಡೋಸಿನ ಹಳೆಯ ಮುಖ ತೆರೆದುಕೊಂಡಿತು. ಆ ಸಾಲನ್ನು ಆಮೇಲೆ ತಿದ್ದಿದರಾಯಿತು ಎಂದು ಬಿಟ್ಟೆ.

ಆದರೆ ಅದರಿಂದ ಭರಮಣ್ಣನಿಗೇನು ಬಂತು? ಬಿಲ್ಲೆಯಿಲ್ಲ, ದನಿಯಿಲ್ಲ. ಆಗ ನೆನಪಾಯಿತು, ವಿಂಡೋಸಿನೊಳಗೇ ಪರದೆಯ ಮೇಲೆ ಬರುವ ಕೀಬೋರ್ಡ್ ಒಂದಿದೆ, ಕೈಯಾಡದವರಿಗಾಗಿ ಅದರಲ್ಲಿ ಬೆಳಕು ತಾನೇ ಸಾಲಿನಿಂದ ಸಾಲಿಗೆ ಓಡುವಂತೆ ಮಾಡಬಹುದು. ತೆಗೆದೆ. ಕನ್ನಡ ಅಕ್ಷರ ಹಾಕಿದೆ. ಬೆಳಕನ್ನು ನಿಧಾನಕ್ಕೆ ಇಳಿಸಿದೆ. ಮೇಲೆ ಖಾಲಿ ಹಾಳೆ ತೆರೆದು ಅಕ್ಷರವನ್ನು ಗೋಡೆ ಬರಹದಷ್ಟು ದೊಡ್ಡದು ಮಾಡಿದೆ. ಭರಮಣ್ಣನ ಕಿವಿಯ ಬಳಿ ಬಾಗಿ, ಸಾಲಿಗೊಮ್ಮೆ ಒತ್ತು, ಆಮೇಲೆ ಅಕ್ಷರಕ್ಕೊಮ್ಮೆ ಒತ್ತು, ಸಿಗದ ಅಕ್ಷರಕ್ಕೆ ನಾನು ದಾರಿ ತೋರಿಸುತ್ತೇನೆ ಎಂದೆ. ಅವನು ಇದನ್ನು ಹಿಂದೆಂದೂ ನೋಡಿರಲಿಲ್ಲ. ಬೆರಳು ನಿಂತಿತು. ಬೆಳಕು ಕೆಳಗಿಳಿಯಿತು, ಮತ್ತೆ ಮೇಲಕ್ಕೆ ಬಂತು, ಮತ್ತೆ ಇಳಿಯಿತು. ಅಕ್ಷರ ಕೂಡಿಸುವ ತ್ರಾಣ ಎಲ್ಲಿದೆ ಎಂದು ಇವರೆಲ್ಲ ಹೇಳಿದ್ದೇ ನಿಜವಾಗಿಬಿಟ್ಟರೆ ಏನು ಗತಿ ಎಂದು ಹೆದರಿದೆ.

ಟಕ್. ಮತ್ತೆ ಟಕ್. ಪರದೆಯ ಮೇಲೆ "ಮ" ಮೂಡಿತು.

ಮದುವೆ ಮಾಡಿರಿ ಅಂತಿದ್ದಾರೆ ಎಂದ ಮಾಲತೇಶ. ಬಾಯಿ ಮುಚ್ಚಲೇ, ಮುಗಿಸಲಿ ಆತ ಎಂದು ಗದರಿದೆ. ಬೆಳಕು ಓಡಿತು. ಒಂದು ಸಾಲು ತಪ್ಪಿ ಹೋಯಿತು, ಮತ್ತೆ ಸುತ್ತಿ ಬರುವ ತನಕ ಕಾದೆವು. "ಮಗ" ಎಂದಾಯಿತು. ಮಗ ಒಳ್ಳೆಯವನು ಅಂತಾರೇನೋ ಎಂದು ಚಾಪೆಯ ಮೇಲಿಂದ ಯಾರೋ ನಕ್ಕರು. ನಗು ಅಲ್ಲೇ ನಿಂತಿತು, ಏಕೆಂದರೆ ಭರಮಣ್ಣನ ಹಣೆಯಲ್ಲಿ ಬೆವರು ಹರಿಯತೊಡಗಿತ್ತು. ವಿರುಪಮ್ಮ ಸೆರಗಿನಿಂದ ಒರೆಸಲು ಬಂದವಳು ಪರದೆ ನೋಡುತ್ತ ಹಾಗೇ ನಿಂತಳು. ಒಂದೊಂದು ಅಕ್ಷರಕ್ಕೂ ಬೆಳಕು ಪೂರ್ತಿ ಸುತ್ತು ಹಾಕುತ್ತಿತ್ತು. ಕಾಯುವುದೆಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

ಕೊನೆಗೆ ಬೆರಳು ನಿಂತಿತು. ಜಂಬವ್ವನಿಗೆ ಓದು ಬರುತ್ತಿರಲಿಲ್ಲ, ಏನು ಬರೆದಿದ್ದಾನೆ ಓದಿ ಎಂದಳು. ನಾನು ಮಾಲತೇಶನನ್ನು ನೋಡಿದೆ. ಅವನು ತನ್ನ ಅದೇ ಕಂಚಿನ ಕಂಠದಲ್ಲಿ ಓದಿದ.

"ಮಗಳನ್ನ ಕೇಳ್ರಿ."

ಎಲ್ಲರ ಕಣ್ಣೂ ಒಳಬಾಗಿಲಿಗೆ ಹೊರಳಿದವು. ಭಾಗ್ಯ ಗಳಗಳ ಅತ್ತಳು, ಆದರೆ ಒಳಗೆ ಓಡಲಿಲ್ಲ. ಮಂಚದ ಹತ್ತಿರ ಬಂದು ಅಪ್ಪನ ಕಾಲಿನ ಬಳಿ ನಿಂತು, ನನಗೆ ಕೆಲಸ ಬಿಡಲು ಮನಸ್ಸಿಲ್ಲ, ಅಪ್ಪನನ್ನು ಬಿಟ್ಟು ಈಗಲೇ ಹೋಗಲೂ ಮನಸ್ಸಿಲ್ಲ, ತಪ್ಪು ತಿಳಿಯಬೇಡಿ ಎಂದು ಜಂಬವ್ವನಿಗೆ ಕೈ ಮುಗಿದಳು. ಹುಡುಗನ ಚಿಕ್ಕಪ್ಪ ಏನೋ ಗೊಣಗಿದ, ಕರೆದು ಅವಮಾನ ಮಾಡಿದಿರಿ ಎಂದ. ಜಂಬವ್ವ ತಟ್ಟೆಯಲ್ಲಿದ್ದ ಎಲೆಗಳನ್ನು ಸರಿಯಾಗಿ ಜೋಡಿಸಿ ಮಾಲತೇಶನ ಕಡೆಗೆ ತಳ್ಳಿದಳು.

"ಬಾಯಿದ್ದ ನಾವು ಕೇಳ್ಲಿಲ್ಲ, ಬಾಯಿಲ್ದ ಆತ ಕೇಳ್ದ. ನಡೀರಿ" ಎಂದು ಮಂಡಿ ಹಿಡಿದುಕೊಂಡು ಎದ್ದಳು.

ಕಾರು ಹೋಯಿತು. ಮಾಡಿದ ಹೋಳಿಗೆ ಹಾಗೇ ಉಳಿದಿತ್ತು. ಮಾಲತೇಶ ಮೆಟ್ಟಿಲ ಮೇಲೆ ಹೋಗಿ ಕೂತ. ತನ್ನದು ತಪ್ಪೋ ಸರಿಯೋ ಎಂದು ಅವನಿಗೇ ತಿಳಿಯದಂತಿತ್ತು, ಪಾಪ ಅನ್ನಿಸಿತು ನನಗೆ. ವಿರುಪಮ್ಮ ಯಾರ ಮೇಲೆ ಸಿಟ್ಟೆಂದು ಗೊತ್ತಾಗದೆ ಪಾತ್ರೆಗಳನ್ನು ದಡಬಡ ಎತ್ತಿಡುತ್ತಿದ್ದಳು. ನಾನು ಆ ಸಾಲು ತಿದ್ದಿ ವಿಂಡೋಸಿನ ಹೆಸರನ್ನು ವಾಪಸು ಬರೆದು, ಕಂಪ್ಯೂಟರ್ ಆರಿಸಿ ಹಚ್ಚಿ ನೋಡಿ, ಆ ಕೀಬೋರ್ಡು ಮೊದಲೇ ಬರುವಂತೆ ಮಾಡಿದೆ. ಆಮೇಲೆ ಭರಮಣ್ಣನಿಗೆ, ನಾಳೆ ಪೆನ್‌ಡ್ರೈವ್ ತಂದು ನಿನ್ನ ಬಿಲ್ಲೆಗಳನ್ನು ಮೊದಲಿನ ಹಾಗೆ ಕೂರಿಸಿಕೊಡುತ್ತೇನೆ, ಅಲ್ಲಿಯ ತನಕ ಇದರಲ್ಲಿ ಸುಧಾರಿಸು ಎಂದೆ.

ಟಕ್ ಎಂದಿತು. ಬೆಳಕು ಸುತ್ತಿತು. "ಬ್ಯಾಡ" ಎಂದು ಮೂಡಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಏನು ಬೇಡ, ನೀರೇ, ಗಂಜಿಯೇ ಎಂದು ವಿರುಪಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳಿದಳು. ಬಿಲ್ಲೆ ಬೇಡವಂತೆ ಎಂದೆ. ದೀಪದಂತೆ ಹೊಳೆಯುತ್ತಿದ್ದವು ಅವನ ಕಣ್ಣು, ರೆಪ್ಪೆ ಬೀಳುತ್ತ ಏಳುತ್ತ ಇದ್ದರೂ.

ಬೆರಳು ನಿಲ್ಲಲಿಲ್ಲ. ಮಗಳ ಸಂಗತಿ ಇನ್ನೇನೋ ಹೇಳುವುದಿದೆ ಅಂದುಕೊಂಡೆ. ಪಾಪದ ಮಾಲತೇಶನಿಗೆ ಬೈಗುಳವೋ ಏನೋ ಎಂದೂ ಅನ್ನಿಸಿತು. ಭಾಗ್ಯ ನನ್ನ ಪಕ್ಕ ಬಂದು ನಿಂತಳು. ವಿರುಪಮ್ಮ ಒದ್ದೆ ಕೈಯಲ್ಲೇ ಬಂದಳು. ಅಕ್ಷರಗಳು ಒಂದೊಂದೇ ಬರುತ್ತಿದ್ದವು, ಭಾಗ್ಯ ಬೆರಳಿಟ್ಟು ಜೋಡಿಸುತ್ತ ಹೋದಳು. ಮುಗಿದ ಮೇಲೆ ಅವಳು ಓದಲಿಲ್ಲ, ಅಮ್ಮನ ಭುಜ ಹಿಡಿದು ಪರದೆಯ ಕಡೆಗೆ ತಿರುಗಿಸಿದಳು.

"ವಿರುಪಿ ನೀ ಉಂಡಿ"

ಪ್ರಶ್ನೆಯ ಗುರುತು ಎಲ್ಲಿದೆ ಎಂದು ಅವನಿಗೆ ನಾನು ತೋರಿಸಿರಲಿಲ್ಲ. ಆದರೂ ಅವಳಿಗೆ ತಿಳಿಯಿತು. ಅಷ್ಟು ಕಾಲ ಅವನ ನೀರು, ಅವನ ನೋವು, ಅವನ ಬಚ್ಚಲಿಗೆ ಓಡಾಡಿದವಳು ಕೈ ಒರೆಸಿಕೊಳ್ಳುವುದನ್ನೂ ಮರೆತು ಮಂಚದ ತುದಿಯಲ್ಲಿ ಕೂತಳು. "ಇಲ್ರಿ, ಇನ್ನಾ ಉಂಡಿಲ್ಲ" ಎಂದಳು.